250 ಅಂದರೆ ಕೊಟ್ಟ ಮಾತು

ರಾತ್ರಿ ಹತ್ತರ ಹೊತ್ತಿಗೆ ಅಕೌಂಟ್ಸ್ ವಿಭಾಗದ ಮೇಡಂ ಫೋನ್ ಮಾಡಿದರು. "ಸರ್, ನನಗೆ ಕಳಿಸಿದ ಮೇಲ್ ಅವರಿಗೇ ವಾಪಸ್ ಹೋಗ್ತಿದೆಯಂತೆ. ಮೂರು ಸಲ ಕಳಿಸಿದರಂತೆ, ಮೂರೂ ಸಲ ಹಾಗೇ ಆಯ್ತಂತೆ. ನನ್ನ ವಿಳಾಸ ಸರಿ ಇದೆ ಅಲ್ವಾ?"

ವಿಳಾಸ ಸರಿಯಾಗೇ ಇತ್ತು. ಅವರ ಮೇಲ್‌ಬಾಕ್ಸ್ ಕೂಡ ಸರಿಯಾಗಿತ್ತು. ಆವತ್ತು ಸಂಜೆಯಷ್ಟೇ ಅದನ್ನು ಹಳೆ ಸರ್ವರ್‌ನಿಂದ ಹೊಸ ಸರ್ವರ್‌ಗೆ ಸಾಗಿಸಿದ್ದೆ. ತೆರೆದೂ ನೋಡಿದ್ದೆ, ಹಳೆ ಮೇಲ್‌ಗಳೆಲ್ಲ ಬಂದು ಕೂತಿದ್ದವು. ತಪ್ಪಿದ್ದು ನಡುವಿನ ದಾರಿ.

ವಾಪಸ್ ಹೋಗಿದ್ದ ಮೇಲ್‌ನ ಪೂರ್ತಿ ಪ್ರತಿಯನ್ನು ನನ್ನ ಇನ್ನೊಂದು ವಿಳಾಸಕ್ಕೆ ತರಿಸಿಕೊಂಡೆ. ಕಾರಣದ ಜಾಗದಲ್ಲಿ ಇದ್ದದ್ದು ಮೂರೇ ಪದ: ಟೂ ಮೆನಿ ಹಾಪ್ಸ್. ಅಂದರೆ ಆ ಮೇಲ್ ಸರ್ವರ್‌ನಿಂದ ಸರ್ವರ್‌ಗೆ ಅಲೆದಿದೆ. ಅಲೆದು ಅಲೆದು, ಕೊನೆಗೆ ಯಾವುದೋ ಒಂದು ಸರ್ವರ್ "ಇನ್ನು ಸಾಕು" ಅಂತ ಕೈಬಿಟ್ಟಿದೆ.

ಈ ಬರಹ ಆ ಅಲೆದಾಟದ ಬಗ್ಗೆ. ಒಂದಕ್ಕಿಂತ ಜಾಸ್ತಿ ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ ಇದು ಇವತ್ತಲ್ಲ ನಾಳೆ ಎದುರಾಗುತ್ತದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆಗ ನನ್ನ ಕೈಯಲ್ಲಿ ಮೂರು ಸರ್ವರ್ ಇದ್ದವು. ಹೆಸರು ಬಾಗಿಲು, ಹಳೆಮನೆ, ಹೊಸಮನೆ. ಹೆಸರಿಟ್ಟವನು ನಾನೇ. ಸರ್ವರ್‌ಗೆ ಗ್ರಹಗಳ ಹೆಸರೋ ನಂಬರೋ ಇಡುವವರು ತುಂಬಾ ಜನ. ಆದರೆ ಅರ್ಧರಾತ್ರಿ ಲಾಗ್ ಓದುವಾಗ ಯಾವುದು ಏನು ಕೆಲಸ ಮಾಡುತ್ತದೆ ಅಂತ ನೆನಪು ಮಾಡಿಕೊಳ್ಳುತ್ತಾ ಕೂರೋ ಹಾಗಿರಬಾರದು. ಹೊರಗಿನಿಂದ ಬರುವ ಮೇಲ್ ಎಲ್ಲ ಮೊದಲು ಬಾಗಿಲಿಗೆ ಬರುತ್ತದೆ. ಸ್ಪ್ಯಾಮ್ ಸೋಸುವ ಕೆಲಸ ಅಲ್ಲೇ. ಹೊರಗೆ ಹೋಗುವುದೂ ಅಲ್ಲಿಂದಲೇ. ಜನರ ಮೇಲ್‌ಬಾಕ್ಸ್‌ಗಳು ಹಳೆಮನೆಯಲ್ಲಿದ್ದವು, ಒಟ್ಟು 340. ಅವನ್ನು ದಿನಕ್ಕೆ ಹತ್ತು ಹನ್ನೆರಡರಂತೆ ಹೊಸಮನೆಗೆ ಸಾಗಿಸಬೇಕಿತ್ತು. ಮೂರರಲ್ಲೂ ಇದ್ದದ್ದು ಪೋಸ್ಟ್‌ಫಿಕ್ಸ್, ವೀಟ್ಸೆ ವೆನೆಮಾ ಐಬಿಎಮ್‌ನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಿಟ್ಟ ಮೇಲ್ ಸರ್ವರ್.

ಇಲ್ಲಿರೋ ತೊಡಕು ಏನಂದರೆ, ಡೊಮೇನ್ ಒಂದೇ. ಎಲ್ಲರ ವಿಳಾಸದಲ್ಲೂ @ ಗುರುತಿನ ನಂತರ ಬರುವುದು ಅದೇ ಹೆಸರು. ಮೇಲನ್ನು ಯಾವ ಸರ್ವರ್‌ಗೆ ಕೊಡಬೇಕು ಅಂತ ಹೊರಗಿನವರಿಗೆ ಹೇಳುವ ಎಮ್‌ಎಕ್ಸ್ ದಾಖಲೆ ಡೊಮೇನ್‌ಗೆ ದಾರಿ ತೋರಿಸುತ್ತದೆ, ವ್ಯಕ್ತಿಗೆ ಅಲ್ಲ. ಸಾಗಾಟ ನಡೆಯುವ ಅಷ್ಟೂ ವಾರ ಅರ್ಧ ಜನ ಒಂದು ಮನೆಯಲ್ಲಿ, ಅರ್ಧ ಜನ ಇನ್ನೊಂದು ಮನೆಯಲ್ಲಿ. ಯಾರು ಎಲ್ಲಿದ್ದಾರೆ ಅಂತ ಹೊರಗಿನ ಜಗತ್ತಿಗೆ ಗೊತ್ತಾಗುವ ದಾರಿಯೇ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅದು ನಮ್ಮ ಸರ್ವರ್‌ಗಳ ಕೆಲಸ.

ಮೊದಲೆಲ್ಲ ಹೀಗಿರಲಿಲ್ಲ. ಯಂತ್ರದಿಂದ ಯಂತ್ರಕ್ಕೆ ಫೈಲ್ ದಾಟಿಸುವ ಹಳೆಯ ವ್ಯವಸ್ಥೆಯಾದ ಯುಯುಸಿಪಿಯ ಕಾಲದಲ್ಲಿ ಮೇಲ್ ಕಳಿಸುವವರೇ ದಾರಿಯನ್ನೂ ಬರೆಯಬೇಕಿತ್ತು. ಒಂದು ಯಂತ್ರದ ಹೆಸರು, ಒಂದು ಆಶ್ಚರ್ಯಸೂಚಕ ಚಿಹ್ನೆ, ಮುಂದಿನ ಯಂತ್ರದ ಹೆಸರು, ಮತ್ತೆ ಚಿಹ್ನೆ, ಹೀಗೆ ಕೊನೆಯಲ್ಲಿ ವ್ಯಕ್ತಿಯ ಹೆಸರು. ನಡುವೆ ಒಂದು ಯಂತ್ರ ಕೆಟ್ಟಿದ್ದರೆ ಬೇರೆ ದಾರಿ ಹುಡುಕಿ ಮತ್ತೆ ಬರೆಯಬೇಕು. 1986ರ ಜನವರಿಯಲ್ಲಿ ಕ್ರೇಗ್ ಪಾರ್ಟ್ರಿಜ್ ಬರೆದ ಆರ್‌ಎಫ್‌ಸಿ 974 ಬಂತು. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್‌ನ ಕ್ರಮಗಳನ್ನು ಬರೆದಿಡುವ ದಾಖಲೆ. ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್‌ನ ಎಮ್‌ಎಕ್ಸ್ ದಾಖಲೆ ನೋಡಿ ಮೇಲ್ ಎಲ್ಲಿಗೆ ಒಯ್ಯಬೇಕು ಅಂತ ತೀರ್ಮಾನಿಸುವ ಕ್ರಮವನ್ನು ಅದು ಹಾಕಿಕೊಟ್ಟಿತು. ಕಳಿಸುವವರ ತಲೆಯಿಂದ ದಾರಿಯ ಹೊರೆ ಇಳಿಯಿತು. ಇಳಿದ ಹೊರೆ ಮಾಯವಾಗಲಿಲ್ಲ, ಸರ್ವರ್ ನೋಡಿಕೊಳ್ಳುವವರ ಹೆಗಲಿಗೆ ಬಂತು. ನನಗೆ ಈ ಕೆಲಸ ಇಷ್ಟವಾಗುವುದೂ ಅದಕ್ಕೇ. ಮೇಲ್ ಬರೆದವರು ಕಳಿಸೋ ಗುಂಡಿ ಒತ್ತಿ ಮರೆತುಬಿಡುತ್ತಾರೆ. ಮರೆಯೋಕೆ ಆಗುತ್ತದೆ ಅನ್ನೋದೇ ದೊಡ್ಡ ವಿಷಯ.

ಆ ರಾತ್ರಿಗೆ ವಾಪಸ್ ಬರುತ್ತೇನೆ.

ಪ್ರತಿ ಸರ್ವರ್ ತನ್ನ ಕೈಗೆ ಬಂದ ಮೇಲ್‌ನ ನೆತ್ತಿಯ ಮೇಲೆ ರಿಸೀವ್ಡ್ ಅನ್ನೋ ಒಂದು ಹೆಡರ್ ಅಂಟಿಸುತ್ತದೆ. ಯಾರಿಂದ ಬಂತು, ಯಾರು ತಗೊಂಡರು, ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿರುತ್ತದೆ. ಹೊಸದು ಯಾವಾಗಲೂ ಮೇಲ್ಗಡೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಳಿಸಿದವರ ಕಡೆಯ ಸರ್ವರ್ ಇತ್ತು. ಅದರ ಮೇಲೆ ಬಾಗಿಲು. ಅದರ ಮೇಲೆ ಹಳೆಮನೆ. ಇಷ್ಟೊತ್ತಿಗೇ ಅನುಮಾನ ಬಂತು, ಯಾಕಂದರೆ ಮೇಡಂ ಹೊಸಮನೆಗೆ ಹೋಗಿಯಾಗಿತ್ತು. ಅದರ ಮೇಲೆ ಮತ್ತೆ ಬಾಗಿಲು. ಮತ್ತೆ ಹಳೆಮನೆ. ಬಾಗಿಲು, ಹಳೆಮನೆ, ಬಾಗಿಲು, ಹಳೆಮನೆ. ಬೆರಳಿಟ್ಟು ಎಣಿಸುತ್ತಾ ಹೋದೆ. ಪೋಸ್ಟ್‌ಫಿಕ್ಸ್‌ನಲ್ಲಿ ಹಾಪ್‌ಕೌಂಟ್ ಲಿಮಿಟ್ ಅಂತ ಒಂದು ಮಿತಿ ಇದೆ, ನಾವೇನೂ ಬದಲಾಯಿಸದಿದ್ದರೆ 50. ಎರಡು ಸರ್ವರ್ ನಡುವೆ ಸುಮಾರು 25 ಸುತ್ತು. ಮೊದಲ ಸಾಲಿನ ಸಮಯಕ್ಕೂ ಕೊನೆಯ ಸಾಲಿನ ಸಮಯಕ್ಕೂ ಇದ್ದ ಅಂತರ ಒಂದು ನಿಮಿಷಕ್ಕಿಂತ ಕಡಿಮೆ.

ಮಿತಿ ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಂತ ಇಂಥ ಹೊತ್ತಲ್ಲಿ ಯಾರಿಗಾದರೂ ಅನ್ನಿಸಬಹುದು. ದಯವಿಟ್ಟು ಮಾಡಬೇಡಿ. ಆ 50 ಇದ್ದದ್ದರಿಂದಲೇ ವಿಷಯ ನನ್ನ ಕಿವಿಗೆ ಬಿತ್ತು.

ಸುತ್ತು ಶುರುವಾಗಿದ್ದು ಹೇಗೆ ಅಂತ ಹೇಳುತ್ತೇನೆ. ಬಾಗಿಲಿನಲ್ಲಿ ಟ್ರಾನ್ಸ್‌ಪೋರ್ಟ್ ಅಂತ ಒಂದು ಫೈಲ್. ಪ್ರತಿ ಸಾಲಲ್ಲೂ ಎಡಗಡೆ ವಿಳಾಸ ಅಥವಾ ಡೊಮೇನ್, ಬಲಗಡೆ ಅದನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕು ಅಂತ. ಡೊಮೇನ್‌ಗೆ ಒಂದು ಸಾಲು: ಎಲ್ಲ ಹಳೆಮನೆಗೆ. ಸಾಗಿಸಿದ ಒಬ್ಬೊಬ್ಬರಿಗೂ ಒಂದೊಂದು ಸಾಲು: ಇವರು ಹೊಸಮನೆಗೆ. ಪೂರ್ತಿ ವಿಳಾಸದ ಸಾಲು ಇದ್ದರೆ ಪೋಸ್ಟ್‌ಫಿಕ್ಸ್ ಅದನ್ನೇ ಮೊದಲು ನೋಡುತ್ತದೆ, ಡೊಮೇನ್ ಸಾಲಿಗೆ ಹೋಗುವುದಿಲ್ಲ. ಇಷ್ಟು ಸರಿ.

ಈಗ ಹೊಸಮನೆಗೆ ಹೋದವರು ಹಳೆಮನೆಯಲ್ಲಿ ಇರುವವರಿಗೆ ಮೇಲ್ ಬರೆದರೆ? ಹೊಸಮನೆ ಆ ಡೊಮೇನ್ ತನ್ನದೇ ಅಂದುಕೊಂಡಿರುತ್ತದೆ. ಮನೆಯೊಳಗೆ ಹುಡುಕುತ್ತದೆ, ಸಿಗದಿದ್ದರೆ "ಇಂಥವರು ಇಲ್ಲ" ಅಂತ ವಾಪಸ್ ಮಾಡುತ್ತದೆ. ಅದಕ್ಕೆ ಫಾಲ್‌ಬ್ಯಾಕ್ ಟ್ರಾನ್ಸ್‌ಪೋರ್ಟ್ ಹಾಕಿದೆ: ಇಲ್ಲಿ ಇಲ್ಲದಿದ್ದರೆ ಬಾಗಿಲಿಗೆ ಕೊಡು. ಹಳೆಮನೆಗೂ ಅದನ್ನೇ ಹಾಕಿದೆ: ಇಲ್ಲಿ ಇಲ್ಲದಿದ್ದರೆ ಬಾಗಿಲಿಗೆ ಕೊಡು. ಒಂದೊಂದನ್ನೇ ನೋಡಿದರೆ ಎರಡೂ ನ್ಯಾಯವಾದ ಮಾತೇ.

ಆವತ್ತು ಸಂಜೆ ಹನ್ನೆರಡು ಜನರನ್ನು ಸಾಗಿಸಿದೆ. ಬಾಗಿಲಿನ ಫೈಲ್‌ಗೆ ಹನ್ನೆರಡು ಸಾಲು ಸೇರಿಸಿದೆ. ಆದರೆ ಪೋಸ್ಟ್‌ಮ್ಯಾಪ್ ಓಡಿಸಲಿಲ್ಲ. ನಾವು ತಿದ್ದುವ ಫೈಲ್ ಬೇರೆ, ಪೋಸ್ಟ್‌ಫಿಕ್ಸ್ ಓದುವ ಡೇಟಾಬೇಸ್ ಫೈಲ್ ಬೇರೆ. ಮೊದಲನೆಯದರಿಂದ ಎರಡನೆಯದನ್ನು ತಯಾರಿಸುವುದು ಪೋಸ್ಟ್‌ಮ್ಯಾಪ್. ಕಣ್ಣಿಗೆ ಕಾಣುವ ಫೈಲ್‌ನಲ್ಲಿ ಮೇಡಂ ಹೊಸಮನೆಯಲ್ಲಿದ್ದರು. ಪೋಸ್ಟ್‌ಫಿಕ್ಸ್ ಓದುವ ಫೈಲ್‌ನಲ್ಲಿ ಅವರ ಹೆಸರೇ ಇರಲಿಲ್ಲ. ಹಾಗಾಗಿ ಬಾಗಿಲು ಹಳೆಮನೆಗೆ ಕೊಟ್ಟಿತು. ಹಳೆಮನೆಯಲ್ಲಿ ಅವರ ಖಾತೆ ತೆಗೆದುಹಾಕಿದ್ದೆ, ಅದು "ಇಲ್ಲಿ ಇಲ್ಲ" ಅಂತ ಬಾಗಿಲಿಗೆ ಕೊಟ್ಟಿತು. ಮುಂದಿನದು ನಿಮಗೆ ಗೊತ್ತು.

ಮೊದಲು ಮಾಡಿದ್ದು ಬಾಗಿಲು, ಹಳೆಮನೆ ಎರಡರಲ್ಲೂ ಸಾಫ್ಟ್ ಬೌನ್ಸ್ ಹಾಕಿದ್ದು. ಅದನ್ನು ಹಾಕಿದರೆ ಮೇಲ್ ಶಾಶ್ವತವಾಗಿ ವಾಪಸ್ ಹೋಗುವುದು ನಿಲ್ಲುತ್ತದೆ, 5ರಿಂದ ಶುರುವಾಗುವ ಉತ್ತರಗಳೆಲ್ಲ 4ರಿಂದ ಶುರುವಾಗುವ ಉತ್ತರಗಳಾಗುತ್ತವೆ. 5 ಅಂದರೆ ಆಗಲ್ಲ, ಮತ್ತೆ ಬರಬೇಡ. 4 ಅಂದರೆ ಈಗ ಆಗಲ್ಲ, ಆಮೇಲೆ ಬಾ. ದಾರಿ ಸರಿ ಮಾಡುವಾಗ ಇದಕ್ಕಿಂತ ಒಳ್ಳೆಯ ಆಸರೆ ನನಗೆ ಗೊತ್ತಿಲ್ಲ. ಆಮೇಲೆ ಪೋಸ್ಟ್‌ಮ್ಯಾಪ್ ಓಡಿಸಿದೆ. ಮೈನಸ್ ಕ್ಯೂ ಹಾಕಿ ಮೇಡಂ ವಿಳಾಸ ಕೇಳಿದೆ, ಹೊಸಮನೆ ಅಂತ ಉತ್ತರ ಬಂತು. ಉಳಿದ ಹನ್ನೊಂದು ವಿಳಾಸಗಳನ್ನೂ ಹಾಗೇ ಕೇಳಿದೆ. ಪೋಸ್ಟ್‌ಕ್ಯೂ ಮೈನಸ್ ಎಫ್ ಕೊಟ್ಟು ಕಾಯುತ್ತಿದ್ದ ಮೇಲ್‌ಗಳನ್ನು ಹೊರಡಿಸಿದೆ. ಕಳಿಸಿದವರು ನಾಲ್ಕನೇ ಸಲ ಕಳಿಸಿದರು, ತಲುಪಿತು. ಆಮೇಲೆ ಸಾಫ್ಟ್ ಬೌನ್ಸ್ ತೆಗೆದೆ. ಅದನ್ನು ಮರೆತು ಬಿಟ್ಟರೆ ಸುಳ್ಳು ವಿಳಾಸದ ಮೇಲ್‌ಗಳೂ ಕ್ಯೂನಲ್ಲಿ, ಅಂದರೆ ಕಾಯುವ ಮೇಲ್‌ಗಳ ಸಾಲಿನಲ್ಲಿ, ಗುಡ್ಡೆ ಬೀಳುತ್ತವೆ.

ಅಲ್ಲಿಗೆ ಮುಗಿಸಿ ಮಲಗಬಹುದಿತ್ತು. ನಿದ್ದೆ ಹತ್ತಲಿಲ್ಲ. ಪೋಸ್ಟ್‌ಮ್ಯಾಪ್ ಓಡಿಸದೆ ಇದ್ದದ್ದು ಒಂದು ತಪ್ಪು, ನಿಜ. ಆದರೆ ಒಂದು ಕಮಾಂಡ್ ತಪ್ಪಿದರೆ ಜನರ ಮೇಲ್ ವಾಪಸ್ ಹೋಗುವ ಹಾಗೆ ದಾರಿ ಹಾಕಿದ್ದೇ ದೊಡ್ಡ ತಪ್ಪು. ಎರಡು ಮನೆಯವರೂ "ನಮಗೆ ಗೊತ್ತಿಲ್ಲ, ಅವರನ್ನು ಕೇಳಿ" ಅನ್ನುವ ಹಾಗೆ ನಾನೇ ಕಲಿಸಿಕೊಟ್ಟಿದ್ದೆ. ಎಲ್ಲರೂ ಹಾಗೆ ಹೇಳಿದರೆ "ನಮ್ಮದು" ಅಥವಾ "ಇಂಥವರು ಯಾರೂ ಇಲ್ಲ" ಅಂತ ಹೇಳುವವರು ಯಾರು?

ಮೇಲ್ ದಾಟಿಸುವಾಗ ಸರ್ವರ್‌ಗಳು ಆಡುವ ಭಾಷೆ ಎಸ್‌ಎಮ್‌ಟಿಪಿ. ಅದರಲ್ಲಿ 250 ಅನ್ನೋ ಒಂದು ಉತ್ತರ ಇದೆ. ಮೇಲ್‌ನ ಕೊನೆಯ ಚುಕ್ಕಿ ಬಂದ ಮೇಲೆ ತಗೊಂಡ ಸರ್ವರ್ 250 ಅಂದರೆ, ಅಲ್ಲಿಂದ ಮುಂದೆ ಆ ಮೇಲ್ ಅದರ ಜವಾಬ್ದಾರಿ. 2008ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 5321 ಇದನ್ನು ಬಿಡಿಸಿ ಹೇಳುತ್ತದೆ. ಆಮೇಲೆ ಯಂತ್ರ ಕೆಟ್ಟು ನಿಂತಿತು ಅಂತಲೋ, ಮೊದಲೇ ಗೊತ್ತಾಗಬಹುದಾಗಿದ್ದ ಕೊರತೆಯ ನೆಪ ಹೇಳಿಯೋ ಆ ಮೇಲನ್ನು ಕಳೆಯುವ ಹಾಗಿಲ್ಲ. ತಲುಪಿಸಬೇಕು, ಇಲ್ಲವೇ ತಲುಪಿಸೋಕೆ ಆಗಲಿಲ್ಲ ಅಂತ ಕಳಿಸಿದವರಿಗೆ ತಿಳಿಸಬೇಕು. ನನ್ನ ಕಣ್ಣಿಗೆ ಇದು ಕೊಟ್ಟ ಮಾತು. ಒಂದು ಸರ್ವರ್ ಇನ್ನೊಂದಕ್ಕೆ ಮಾತು ಕೊಡುತ್ತದೆ, ಅದು ಮುಂದಿನದರಿಂದ ಮಾತು ತಗೊಂಡ ಮೇಲಷ್ಟೇ ತನ್ನ ಪ್ರತಿಯನ್ನು ಅಳಿಸುತ್ತದೆ. ರಿಲೇ ಅಂದರೆ ಇಷ್ಟೇ. ದಾರಿ ಹಾಕುವವರು ಪ್ರತಿ ಸರ್ವರ್ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಉಳಿಸಿಕೊಳ್ಳೋಕೆ ಆಗದ ಮಾತು ಕೊಡುತ್ತಿದೆಯಾ?

ಬೆಳಗ್ಗೆ ಒಂದು ಹಾಳೆಯಲ್ಲಿ ಮೂರು ಚೌಕ ಬರೆದು, ನಡುವೆ ಬಾಣ ಎಳೆದೆ. "ಇಲ್ಲದಿದ್ದರೆ" ಅನ್ನೋ ಬಾಣಗಳನ್ನು ಮಾತ್ರ ಕೆಂಪು ಶಾಯಿಯಲ್ಲಿ ಎಳೆದೆ. ಹಳೆಮನೆಯಿಂದ ಬಾಗಿಲಿಗೆ ಕೆಂಪು, ಹೊಸಮನೆಯಿಂದ ಬಾಗಿಲಿಗೆ ಕೆಂಪು, ಬಾಗಿಲಿನಿಂದ ಹಳೆಮನೆಗೂ ಕೆಂಪೇ, ಯಾಕಂದರೆ ಡೊಮೇನ್ ಸಾಲು ಕೂಡ ಒಂದು "ಇಲ್ಲದಿದ್ದರೆ". ಎರಡು ಚೌಕಗಳ ನಡುವೆ ಹೋಗೋಕೂ ಬರೋಕೂ ಕೆಂಪು ಬಾಣ ಇದ್ದರೆ ಅದು ಕಾದು ಕೂತಿರುವ ಸುತ್ತು. ಇವತ್ತೋ ನಾಳೆಯೋ ತಿರುಗೇ ತಿರುಗುತ್ತದೆ.

ಆವತ್ತೇ ಕೆಂಪು ಬಾಣಗಳನ್ನೆಲ್ಲ ಕಿತ್ತುಹಾಕಿದೆ. ಬದಲಿಗೆ ಒಂದೇ ಒಂದು ಪಟ್ಟಿ ಮಾಡಿದೆ, 340 ವಿಳಾಸ, ಪ್ರತಿಯೊಂದರ ಮುಂದೆ ಹಳೆಮನೆ ಅಥವಾ ಹೊಸಮನೆ. ಕೈಯಿಂದ ತಿದ್ದುವುದು ಅದೊಂದನ್ನೇ. ಅದರಿಂದ ಒಂದು ಸಣ್ಣ ಸ್ಕ್ರಿಪ್ಟ್ ಮೂರೂ ಸರ್ವರ್‌ಗೆ ಬೇಕಾದ ಫೈಲ್ ತಯಾರಿಸಿ, ಮೂರರಲ್ಲೂ ಪೋಸ್ಟ್‌ಮ್ಯಾಪ್ ಓಡಿಸಿ, ಆಮೇಲೆ ಪ್ರತಿ ವಿಳಾಸವನ್ನೂ ಮೂರೂ ಕಡೆ ಕೇಳಿ ಉತ್ತರ ತಾಳೆ ನೋಡುತ್ತದೆ. ಎಲ್ಲಾದರೂ ತಾಳೆ ಆಗದಿದ್ದರೆ ನಿಂತು ಹೇಳುತ್ತದೆ. ಹೊಸಮನೆಗೆ ಈಗ ಹಳೆಮನೆಯವರ ಹೆಸರೂ ಗೊತ್ತು, ಹಳೆಮನೆಗೆ ಹೊಸಮನೆಯವರ ಹೆಸರೂ ಗೊತ್ತು. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಯಾರೂ ಯಾರ ಕಡೆಗೂ ಕೈ ತೋರಿಸುವುದಿಲ್ಲ. 550, ಇಂಥವರು ಇಲ್ಲ. ಅಷ್ಟೇ.

ಒಬ್ಬರ ಮೇಲ್‌ಬಾಕ್ಸ್ ಸಾಗುತ್ತಿರುವಾಗ ಬರುವ ಮೇಲ್‌ಗೆ ಏನು ಮಾಡೋದು? ಪೋಸ್ಟ್‌ಫಿಕ್ಸ್‌ನಲ್ಲಿ ರಿಟ್ರೈ ಅಂತ ಒಂದು ಟ್ರಾನ್ಸ್‌ಪೋರ್ಟ್ ಇದೆ, ತುಂಬಾ ಜನರ ಕಣ್ಣಿಗೆ ಬೀಳುವುದಿಲ್ಲ. ವಿಳಾಸದ ಮುಂದೆ ಸರ್ವರ್ ಹೆಸರಿನ ಬದಲು ರಿಟ್ರೈ ಅಂತ ಬರೆದು, ಪಕ್ಕದಲ್ಲಿ ಕಾರಣ ಬರೆಯಬಹುದು. ನಾನು "ಮೇಲ್‌ಬಾಕ್ಸ್ ಸಾಗಿಸುತ್ತಿದ್ದೇವೆ" ಅನ್ನೋ ಅರ್ಥ ಬರುವ ಹಾಗೆ ಬರೆಯುತ್ತಿದ್ದೆ. ಅವರಿಗೆ ಬರುವ ಮೇಲ್ ಬಾಗಿಲಿನ ಕ್ಯೂನಲ್ಲೇ ಸುಮ್ನೆ ಕೂತಿರುತ್ತದೆ. ಸಾಗಾಟ ಮುಗಿದು ಸಾಲು ಬದಲಾಯಿಸಿ, ಕ್ಯೂ ಹೊರಡಿಸಿದರೆ ನೇರವಾಗಿ ಹೊಸಮನೆಗೆ ಹೋಗಿ ಇಳಿಯುತ್ತದೆ. ಪೋಸ್ಟ್‌ಕ್ಯೂ ಮೈನಸ್ ಪಿ ಕೊಟ್ಟಾಗ ಕಾಯುತ್ತಿರುವ ಪ್ರತಿ ಮೇಲ್‌ನ ಕೆಳಗೆ ನಾನೇ ಬರೆದ ಕಾರಣ ಕಾಣುತ್ತದೆ. ನಾಳೆ ನನ್ನ ಜಾಗದಲ್ಲಿ ಬೇರೆಯವರು ಕೂತು ನೋಡಿದರೂ ಗಾಬರಿಯಾಗುವುದಿಲ್ಲ. ಉಳಿದ 328 ಜನರನ್ನು ಹೀಗೇ ಸಾಗಿಸಿದ್ದು.

ಚೌಕ ಬ್ರಾಕೆಟ್ ಬಗ್ಗೆ ಒಂದು ಮಾತು. ಟ್ರಾನ್ಸ್‌ಪೋರ್ಟ್ ಸಾಲಿನಲ್ಲಿ ಸರ್ವರ್ ಹೆಸರನ್ನು [ಹಳೆಮನೆ] ಅಂತ ಚೌಕ ಬ್ರಾಕೆಟ್ ಒಳಗೆ ಬರೆದರೆ ಪೋಸ್ಟ್‌ಫಿಕ್ಸ್ ನೇರವಾಗಿ ಆ ಯಂತ್ರಕ್ಕೇ ಹೋಗುತ್ತದೆ. ಬ್ರಾಕೆಟ್ ಇಲ್ಲದಿದ್ದರೆ ಮೊದಲು ಆ ಹೆಸರಿಗೆ ಎಮ್‌ಎಕ್ಸ್ ಇದೆಯಾ ಅಂತ ನೋಡುತ್ತದೆ. ನನ್ನ ಹಳೆಮನೆಗೆ ಎಷ್ಟೋ ವರ್ಷದ ಹಿಂದೆ ಯಾರೋ ಒಂದು ಎಮ್‌ಎಕ್ಸ್ ಹಾಕಿಟ್ಟಿದ್ದರು, ಅದು ಬಾಗಿಲಿಗೇ ತೋರಿಸುತ್ತಿತ್ತು. ಶುರುವಿನಲ್ಲಿ ಒಂದು ಸಾಲಿನಲ್ಲಿ ಬ್ರಾಕೆಟ್ ಬಿಟ್ಟುಹೋಗಿತ್ತು. ಬಾಗಿಲು ಹಳೆಮನೆಯ ದಾರಿ ಕೇಳಿತು, ಉತ್ತರದಲ್ಲಿ ತನ್ನ ಹೆಸರೇ ಬಂತು. "ಈ ಮೇಲ್ ಸುತ್ತಿ ನನ್ನ ಹತ್ತಿರವೇ ಬರುತ್ತದೆ" ಅಂತ ಲಾಗ್‌ನಲ್ಲಿ ಬರೆದು ಆ ಕ್ಷಣವೇ ವಾಪಸ್ ಮಾಡಿತು. ಇದು ಸುಲಭದ ಸುತ್ತು, ತನ್ನ ಮುಖ ತಾನೇ ಗುರುತು ಹಿಡಿಯುತ್ತದೆ. ಎರಡು ಯಂತ್ರಗಳ ನಡುವಿನ ಸುತ್ತು ಹಾಗಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ತಾವು ಸರಿಯಾದ ಕಡೆಗೇ ಕೊಟ್ಟೆವು ಅಂತ ನಂಬಿಕೆ.

ಬ್ರಾಕೆಟ್ ಇನ್ನೊಂದು ಕಡೆಯೂ ಕಾಡುತ್ತದೆ. ಬಿಲ್, ಜ್ಞಾಪನೆ ಮೇಲ್‌ಗಳನ್ನು ಕಳಿಸುವ ಒಂದು ಆ್ಯಪ್ ಸರ್ವರ್ ಇದೆ. ಅದು ಹೊರಗೆ ನೇರವಾಗಿ ಹೋಗದೆ 587ನೇ ಪೋರ್ಟ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಬಾಗಿಲಿಗೆ ಒಪ್ಪಿಸುತ್ತದೆ. ಮೇಲನ್ನು ಯಾರಿಗೆ ಒಪ್ಪಿಸಬೇಕು ಅಂತ ಹೇಳುವ ರಿಲೇಹೋಸ್ಟ್ ಸಾಲಿನಲ್ಲಿ ಬ್ರಾಕೆಟ್ ಮತ್ತು ಪೋರ್ಟ್ ಹಾಕಿ ಬರೆದಿದ್ದರೆ ಪಾಸ್‌ವರ್ಡ್ ಫೈಲ್‌ನ ಎಡಗಡೆಯೂ ಅಕ್ಷರ ಬಿಡದೆ ಹಾಗೇ ಬರೆಯಬೇಕು. ಒಂದರಲ್ಲಿ ಬ್ರಾಕೆಟ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಪಾಸ್‌ವರ್ಡ್ ಸಿಗುವುದಿಲ್ಲ, ಸರ್ವರ್ ಪಾಸ್‌ವರ್ಡ್ ಕೊಡದೆಯೇ ಹೋಗುತ್ತದೆ. ಆ ಕಡೆಯಿಂದ ಬರುವ ಉತ್ತರ "ರಿಲೇ ಆಕ್ಸೆಸ್ ಡಿನೈಡ್". ಅದನ್ನು ಓದಿದವರು ಪಾಸ್‌ವರ್ಡ್ ತಪ್ಪಿರಬೇಕು ಅಂತ ಹುಡುಕುತ್ತಾ ಇಡೀ ದಿನ ಕಳೆಯುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಹಾಗೇ ಕಳೆದಿದ್ದ.

ಇನ್ನು ಪಟ್ಟಿಯಲ್ಲಿ ಇಲ್ಲದವರ ಮೇಲ್. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕಂದರೆ ಇಲ್ಲಿ ತೊಂದರೆ ಆಗುವುದು ನಮಗಲ್ಲ, ಬೇರೆಯವರಿಗೆ. ಪಟ್ಟಿ ಮಾಡುವ ಮೊದಲು ಬಾಗಿಲಿಗೆ ಡೊಮೇನ್ ಮಾತ್ರ ಗೊತ್ತಿತ್ತು, ಜನ ಗೊತ್ತಿರಲಿಲ್ಲ. ನಮ್ಮ ಡೊಮೇನ್‌ನ ಯಾವ ಹೆಸರಿಗೆ ಬಂದರೂ 250 ಅನ್ನುತ್ತಿತ್ತು. ಆಮೇಲೆ ಒಳಗಿನ ಸರ್ವರ್ 550 ಅಂದಾಗ ಬಾಗಿಲು ತಾನು ಕೊಟ್ಟ ಮಾತಿನ ಪ್ರಕಾರ ಕಳಿಸಿದವರಿಗೆ ತಿಳಿಸೋಕೆ ಹೋಗುತ್ತಿತ್ತು. ಆದರೆ ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸ ಕದ್ದದ್ದು. ಎಲ್ಲೋ ಇರುವ, ಇದಕ್ಕೆ ಸಂಬಂಧವೇ ಇಲ್ಲದ ಒಬ್ಬರ ಪೆಟ್ಟಿಗೆಗೆ "ನೀವು ಕಳಿಸಿದ ಮೇಲ್ ತಲುಪಲಿಲ್ಲ" ಅಂತ ಹೋಗಿ ಬೀಳುತ್ತಿತ್ತು. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಅನ್ನುತ್ತಾರೆ. ಒಂದು ದಿನ ಕ್ಯೂ ತೆಗೆದು ನೋಡಿದರೆ ಕಳಿಸಿದವರ ಜಾಗದಲ್ಲಿ ಮೇಲರ್ ಡೀಮನ್ ಅಂತ, ಅಂದರೆ ಸರ್ವರ್ ತಾನೇ ಬರೆದ "ತಲುಪಲಿಲ್ಲ" ಸುದ್ದಿ ಅಂತ, ಇರುವ ಸಾಲುಗಳೇ ಪರದೆ ತುಂಬಾ. ಒಂದನ್ನು ಪೋಸ್ಟ್‌ಕ್ಯಾಟ್ ಹಾಕಿ ತೆರೆದೆ. ಯಾರಿಗೋ ಅವರು ಬರೆಯದೇ ಇದ್ದ ಮೇಲ್‌ನ ಉತ್ತರ ಅದು. ನನ್ನ ಸರ್ವರ್‌ನ ಹೆಸರಿನಲ್ಲಿ ಹೋಗುತ್ತಿತ್ತು. ತುಂಬಾ ಬೇಜಾರಾಯಿತು.

ಯಾವ ಡೊಮೇನ್‌ನ ಮೇಲ್ ತಗೊಂಡು ಒಳಗೆ ದಾಟಿಸಬೇಕು ಅಂತ ಹೇಳುವ ರಿಲೇ ಡೊಮೇನ್ಸ್‌ನಲ್ಲಿ ಡೊಮೇನ್ ಬರೆದ ಮೇಲೆ ರಿಲೇ ರೆಸಿಪಿಯೆಂಟ್ ಮ್ಯಾಪ್ಸ್‌ನಲ್ಲಿ ಜನರ ಪಟ್ಟಿಯನ್ನೂ ಕೊಡಲೇಬೇಕು ಅಂತ ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ. ಪಟ್ಟಿ ಇದ್ದರೆ ಬಾಗಿಲು ಮೇಲ್ ತಗೊಳ್ಳುವ ಮೊದಲೇ, ಹೊಸ್ತಿಲಲ್ಲೇ "ಇಂಥವರು ಇಲ್ಲ" ಅನ್ನುತ್ತದೆ. ಮಾತು ಕೊಡುವುದೇ ಇಲ್ಲ, ಹಾಗಾಗಿ ಮುರಿಯುವ ಪ್ರಶ್ನೆಯೂ ಇಲ್ಲ. ಪಟ್ಟಿ ಮಾಡೋಕೆ ಆಗದ ಪರಿಸ್ಥಿತಿ ಇದ್ದರೆ ಬಾಗಿಲು ಒಳಗಿನ ಸರ್ವರ್‌ನ ಬಾಗಿಲು ತಟ್ಟಿ ಕೇಳಿ, ಆಮೇಲೆ ಉತ್ತರ ಕೊಡುವ ಹಾಗೂ ಮಾಡಬಹುದು. ಪೋಸ್ಟ್‌ಫಿಕ್ಸ್‌ನಲ್ಲಿ ಅದೂ ಇದೆ. ಆದರೆ ಪಟ್ಟಿಯೇ ಗಟ್ಟಿ.

ಗುಂಪಿನ ವಿಳಾಸಗಳನ್ನು ಒಬ್ಬೊಬ್ಬರ ವಿಳಾಸಗಳಾಗಿ ಬಿಡಿಸುವುದು ಕೂಡ ಒಂದೇ ಕಡೆ ಇರಬೇಕು. ಎಲ್ಲ ಸಿಬ್ಬಂದಿಗೂ ಹೋಗುವ ಒಂದು ವಿಳಾಸವನ್ನು ಬಾಗಿಲೂ ಬಿಡಿಸುತ್ತಿತ್ತು, ಹಳೆಮನೆಯೂ ಬಿಡಿಸುತ್ತಿತ್ತು. ಜನರಿಗೆ ಎರಡೆರಡು ಪ್ರತಿ ಬಂತು. ಹಳೆಮನೆಯಿಂದ ಅದನ್ನು ತೆಗೆದೆ. ತೆಗೆಯುವಾಗ ಕಲಿತದ್ದು ಒಂದಿದೆ. ಟ್ರಾನ್ಸ್‌ಪೋರ್ಟ್ ಬದಲಾಯಿಸಿದರೆ ಕ್ಯೂನಲ್ಲಿ ಕಾಯುತ್ತಿರುವ ಮೇಲ್‌ಗೂ ಮುಂದಿನ ಪ್ರಯತ್ನದಲ್ಲಿ ಹೊಸ ದಾರಿ ಸಿಗುತ್ತದೆ. ಆದರೆ ವರ್ಚುವಲ್ ಅಲಿಯಾಸ್, ಅಂದರೆ ಇಂಥ ಗುಂಪಿನ ವಿಳಾಸ, ಬಿಡಿಸುವುದು ಮೇಲ್ ಕ್ಯೂ ಒಳಗೆ ಬರುವಾಗಲೇ ಆಗಿಹೋಗಿರುತ್ತದೆ. ಅದನ್ನು ಬದಲಾಯಿಸಿದರೆ ಪೋಸ್ಟ್‌ಸೂಪರ್ ಮೈನಸ್ ಆರ್ ಕೊಟ್ಟು ಮೇಲನ್ನು ಮತ್ತೆ ಮೊದಲಿನಿಂದ ಒಳಗೆ ಬಿಡಬೇಕು.

ಹೊಸಮನೆ ಬಂದ ಮೊದಲ ವಾರ ಇನ್ನೊಂದು ವಿಚಿತ್ರ. ಒಳ್ಳೊಳ್ಳೆ ಮೇಲ್‌ಗಳೆಲ್ಲ ಸ್ಪ್ಯಾಮ್ ಫೋಲ್ಡರ್‌ಗೆ ಹೋಗತೊಡಗಿದವು. ಹೊಸಮನೆಯಲ್ಲಿ ಅದರದ್ದೇ ಒಂದು ಸೋಸುವ ವ್ಯವಸ್ಥೆ ತಾನಾಗಿ ಓಡುತ್ತಿತ್ತು. ಅದು ಎಸ್‌ಪಿಎಫ್ ಪರೀಕ್ಷೆ ಮಾಡುತ್ತಿತ್ತು, ಅಂದರೆ ಆ ಡೊಮೇನ್ ಹೆಸರಲ್ಲಿ ಮೇಲ್ ಕಳಿಸೋಕೆ ಈ ಯಂತ್ರಕ್ಕೆ ಅನುಮತಿ ಇದೆಯಾ ಅಂತ. ಎಸ್‌ಪಿಎಫ್ ನೋಡುವುದು ಈಗ ಎದುರಿಗೆ ನಿಂತು ಮೇಲ್ ಕೊಡುತ್ತಿರುವ ಯಂತ್ರದ ಐಪಿ ವಿಳಾಸವನ್ನು. ಹೊಸಮನೆಗೆ ಮೇಲ್ ಕೊಡುವುದು ಯಾವಾಗಲೂ ನಮ್ಮ ಬಾಗಿಲು. ಲೋಕದ ಯಾವ ಡೊಮೇನ್ ತಾನೇ ನಮ್ಮ ಬಾಗಿಲಿನ ಐಪಿಗೆ ತನ್ನ ಹೆಸರಲ್ಲಿ ಕಳಿಸೋಕೆ ಅನುಮತಿ ಕೊಟ್ಟಿರುತ್ತದೆ? ಎಲ್ಲ ಫೇಲ್. ಹೊರಗಿನವರ ಗುರುತು ಕೇಳುವ ಕೆಲಸ ಮೊದಲ ಬಾಗಿಲಲ್ಲಿ ಮಾತ್ರ ಆಗಬೇಕು. ಒಳಗಿನವರು ಬಾಗಿಲಿನ ಮಾತು ನಂಬಬೇಕು. ಹೊಸಮನೆಯ ಪರೀಕ್ಷೆ ನಿಲ್ಲಿಸಿದೆ. ಜೊತೆಗೆ ಹೊಸಮನೆಯ 25ನೇ ಪೋರ್ಟ್‌ಗೆ ಬಾಗಿಲು, ಹಳೆಮನೆ ಬಿಟ್ಟು ಬೇರೆ ಯಾರೂ ಬರದ ಹಾಗೆ ಫೈರ್‌ವಾಲ್ ಹಾಕಿದೆ. ನಂಬೋದಾದರೆ ಯಾರನ್ನು ನಂಬುತ್ತೇವೆ ಅಂತ ಗಟ್ಟಿಯಾಗಿ ಗೊತ್ತಿರಬೇಕು ಅಲ್ವಾ?

ಮೈನೆಟ್‌ವರ್ಕ್ಸ್, ಅಂದರೆ ಬಾಗಿಲು ನಂಬುವ ಐಪಿಗಳ ಪಟ್ಟಿ, ಅದರ ವಿಷಯದಲ್ಲೂ ಅದೇ ಮಾತು. ಅಲ್ಲಿ ಬರೆದ ವಿಳಾಸಗಳಿಂದ ಬಂದದ್ದನ್ನು ಬಾಗಿಲು ಎಲ್ಲಿಗೆ ಬೇಕಾದರೂ ಒಯ್ದು ಕೊಡುತ್ತದೆ. ಇಡೀ ಒಳಜಾಲವನ್ನು ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಸುಲಭ, ಆದರೆ ವೈರಸ್ ಹೊಕ್ಕ ಒಂದು ಲ್ಯಾಪ್‌ಟಾಪ್ ಸಾಕು. ನಾನು ಒಂದೊಂದೇ ಐಪಿ ಬರೆಯುತ್ತೇನೆ, ಪಕ್ಕದಲ್ಲಿ ಯಾವ ಯಂತ್ರ ಅಂತಲೂ. ಒಂದು ಕಾಲಕ್ಕೆ ಯಾರು ಕೊಟ್ಟರೂ ಯಾರಿಗೆ ಬೇಕಾದರೂ ಒಯ್ಯುವುದು ಮೇಲ್ ಸರ್ವರ್‌ಗಳ ಒಳ್ಳೆಯ ನಡತೆ ಅಂತಲೇ ಇತ್ತು. ಸ್ಪ್ಯಾಮ್ ಅದನ್ನು ಮುಗಿಸಿತು. ಇನ್ನೊಂದು ಮೇಲ್ ಸರ್ವರ್ ಆದ ಸೆಂಡ್‌ಮೇಲ್ 1998ರಲ್ಲಿ 8.9ನೇ ಆವೃತ್ತಿಯಿಂದ ರಿಲೇಯನ್ನು ತಾನಾಗಿ ಮುಚ್ಚಿಟ್ಟೇ ಬಂತು.

ಬ್ಯಾಕಪ್ ಎಮ್‌ಎಕ್ಸ್, ಅಂದರೆ ಬಾಗಿಲು ನಿಂತಾಗ ಮೇಲ್ ತಗೊಳ್ಳೋಕೆ ಇನ್ನೊಂದು ಸರ್ವರ್, ಬೇಡವಾ ಅಂತ ಕೇಳುತ್ತಾರೆ. ನನಗೆ ಬೇಡ. ಬಾಗಿಲು ಒಂದೆರಡು ಗಂಟೆ ನಿಂತರೆ ಕಳಿಸುವ ಸರ್ವರ್‌ಗಳೇ ಮೇಲ್ ಇಟ್ಟುಕೊಂಡು ಮತ್ತೆ ಮತ್ತೆ ಬರುತ್ತವೆ. ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಅಂತ ಆ 5321ರಲ್ಲೇ ಇದೆ. ಜನರ ಪಟ್ಟಿ ಇಲ್ಲದ, ಸೋಸದ ಒಂದು ಎರಡನೇ ಬಾಗಿಲು ಇಟ್ಟರೆ ಸ್ಪ್ಯಾಮ್ ಕಳಿಸುವವರು ಹುಡುಕಿಕೊಂಡು ಬರುವುದು ಅದಕ್ಕೇ.

ಸಾಗಾಟ ಮುಗಿದ ದಿನ ಪಟ್ಟಿಯಲ್ಲಿ 340 ಹೆಸರಿನ ಮುಂದೆಯೂ ಹೊಸಮನೆ ಅಂತ ಇತ್ತು. ಟ್ರಾನ್ಸ್‌ಪೋರ್ಟ್ ಫೈಲ್ ಒಂದೇ ಸಾಲಿಗೆ ಇಳಿಯಿತು. ಜನರ ಪಟ್ಟಿ ಹಾಗೇ ಉಳಿಯಿತು. ಹಳೆಮನೆಯನ್ನು ಆವತ್ತೇ ಆರಿಸಲಿಲ್ಲ. ಎರಡು ವಾರ ಅದರ ಲಾಗ್ ನೋಡುತ್ತಾ ಇದ್ದೆ, ಇನ್ನೂ ಯಾರಾದರೂ ಬರುತ್ತಾರಾ ಅಂತ. ಒಬ್ಬರು ಬರುತ್ತಿದ್ದರು. ದಿನಾ ಬೆಳಗ್ಗೆ ನಾಲ್ಕೈದು ಸಲ, ಒಳಜಾಲದ ಒಂದೇ ಐಪಿಯಿಂದ. ಹುಡುಕಿಕೊಂಡು ಹೋದರೆ ಅಕೌಂಟ್ಸ್ ವಿಭಾಗದ ಮೂಲೆಯಲ್ಲಿದ್ದ ಸ್ಕ್ಯಾನರ್. ಸ್ಕ್ಯಾನ್ ಮಾಡಿದ ಕಾಗದವನ್ನು ಮೇಲ್ ಮಾಡೋಕೆ ಅದಕ್ಕೆ ಯಾರೋ ಹಳೆಮನೆಯ ಐಪಿಯನ್ನೇ ನೇರವಾಗಿ ಬರೆದಿಟ್ಟಿದ್ದರು. ಹೆಸರಲ್ಲ, ಅಂಕಿ. ಡಿಎನ್‌ಎಸ್‌ನಲ್ಲಿ ಏನು ಬದಲಾಯಿಸಿದ್ದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಹಳೆಮನೆಯನ್ನು ಆರಿಸಿದ್ದರೆ ಮೇಡಂ ಮತ್ತೆ ಫೋನ್ ಮಾಡಬೇಕಾಗುತ್ತಿತ್ತು.

ಅವರ ಎದುರಿಗೇ ಸ್ಕ್ಯಾನರ್‌ನ ಸಣ್ಣ ಪರದೆಯಲ್ಲಿ ಬಾಗಿಲಿನ ಹೆಸರು ಬರೆದೆ. ಅದರ ಐಪಿಯನ್ನು ಬಾಗಿಲಿನ ಮೈನೆಟ್‌ವರ್ಕ್ಸ್‌ಗೆ ಸೇರಿಸಿ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿದೆ. "ಸರ್, ಒಂದು ಖಾಲಿ ಹಾಳೆ ಹಾಕಲಾ?" ಅಂದರು. ಹಾಕಿ ಮೇಡಂ ಅಂದೆ. ಅವರ ಕಂಪ್ಯೂಟರ್‌ನಲ್ಲಿ ಮೇಲ್ ಬಂತು. ಹೆಡರ್ ತೆರೆದು ಕೆಳಗಿನಿಂದ ಓದಿದೆ. ಸ್ಕ್ಯಾನರ್‌ನಿಂದ ಬಾಗಿಲಿಗೆ. ಬಾಗಿಲಿನಿಂದ ಹೊಸಮನೆಗೆ. ಎರಡೇ ಸಾಲು.

ಹಳೆಮನೆಯನ್ನು ಆವತ್ತು ಸಂಜೆ ಆರಿಸಿದೆ.